ಥಳಿ ಹೊಡೆಯುವ ಮುಂಚೆ ಗಾಡಿಯ ಅಡಿ ನೋಡಿ

ಅಗಡಿಯ ನೀಲಗಂಗವ್ವನಿಗೆ ದಿನಾ ಬೆಳಗಾದರೆ ಒಂದೇ ತಂಟೆ. ಗಂಡ ಫಕ್ಕೀರಪ್ಪನ ಹಳೇ ಜೀಪು ಅಂಗಳದಲ್ಲಿ ಎಣ್ಣೆಯ ಕಲೆ ಬಿಡುತ್ತಿತ್ತು. ಜೀಪು ಹೊರಬಿದ್ದ ಕೂಡಲೇ ಅವಳು ಕಲೆಯ ಮೇಲೆ ಬೂದಿ ಚೆಲ್ಲಿ, ಕಸ ಗುಡಿಸಿ, ಸಗಣಿ ನೀರಿನ ಥಳಿ ಹೊಡೆದು ರಂಗೋಲಿ ಹಾಕಿಬಿಡುತ್ತಿದ್ದಳು. ಅಂಗಳವೇನೋ ಚೊಕ್ಕ. ಆದರೆ ಎಣ್ಣೆ ಎಲ್ಲಿಂದ ಸೋರುತ್ತದೆ ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಹಳೇ ಗಾಡಿ ಅಂದಮ್ಯಾಲೆ ಸೋರೂದ. ಸೋರಾಕತ್ತೈತಿ ಅಂದ್ರ ಒಳಗ ಎಣ್ಣಿ ಐತಿ ಅಂತ ಅರ್ಥ!" ಎನ್ನುತ್ತಿದ್ದ ಫಕ್ಕೀರಪ್ಪ. ಗೇರ್ ಹಾಕುವಾಗ 'ಕರ್' ಎಂದರೆ ಹಾಡಿನ ಸದ್ದು ಜೋರು ಮಾಡುತ್ತಿದ್ದ. ಇಂಥ ಜಾಣನಿಗೆ ಏನು ಹೇಳೋಣ!

ನಾಡಿದ್ದು ಮಗಳು ಸ್ನೇಹಾಳ ಕುಬಸ, ಅಂದರೆ ಸೀಮಂತ. ಅವಳ ಗಂಡನ ಊರು ಕುಪ್ಪೇಲೂರಿಗೆ ಬುತ್ತಿ ಒಯ್ದು, ಬಸುರಿ ಮಗಳನ್ನು ಇದೇ ಜೀಪಿನಲ್ಲಿ ತವರಿಗೆ ಕರೆತರಬೇಕು. ದಾರಿಯಲ್ಲಿ ಗಾಡಿ ನಿಂತರೆ? ನೀಲಗಂಗವ್ವ ಹೋಳಿಗೆ ಹಿಟ್ಟಿನ ಕೈಯಲ್ಲೇ ಪಕ್ಕದ ಮನೆಗೆ ಓಡಿದಳು. ಅಲ್ಲಿದ್ದ ಮೀನಾಕ್ಷಿ ಹಾವೇರಿಗೆ ಸರಕಿನ ಟೆಂಪೊ ಓಡಿಸುವವಳು.

"ಚಿಗವ್ವಾ, ಜೀಪು ಸಪಾಟ ಜಾಗಾದಾಗ ನಿಂದರಸ್ರಿ. ಅಡಿಗೆ ಒಂದು ದೊಡ್ಡ ರಟ್ಟು ಹಾಸ್ರಿ. ನಾಳೆ ಮುಂಜಾನೆ ನಾ ಬರೂತನಕ ಥಳಿ ಹೊಡೀಬ್ಯಾಡ್ರಿ," ಎಂದಳು ಮೀನಾಕ್ಷಿ.

"ಅಯ್ಯ, ರಂಗೋಲಿ ಇಲ್ಲದ ಅಂಗಳ ನೋಡಿ ಮಂದಿ ಏನಂದಾರು?"

"ಬಸುರಿ ಮಗಳು ನಡು ದಾರ್ಯಾಗ ಕುಂತ್ರ ಏನಂದಾರು?"

ನೀಲಗಂಗವ್ವ ಮನೆಗೆ ಹೋಗಿ ಜೀಪಿನ ಅಡಿಗೆ ರಟ್ಟು ಹಾಸಿದಳು.

ಬೆಳಿಗ್ಗೆ ರಟ್ಟು ಎಳೆದು ನೋಡಿದರೆ ನಟ್ಟನಡುವೆ ಕಂದು ಕಲೆ.

"ಮುಂದ, ಇಂಜಿನ್ ಅಡಿಗೆ ಕರ್ರಗ ಬಿದ್ರ ಇಂಜಿನ್ ಆಯಿಲ್," ಎಂದಳು ಮೀನಾಕ್ಷಿ. "ಗಾಲಿ ಹತ್ರ ತೆಳ್ಳಗ ಬಿದ್ರ ಬ್ರೇಕ್ ಆಯಿಲ್ ಇರಬಹುದು, ಆವಾಗ ಗಾಡಿ ತಗೀಲೇಬಾರದು. ಇದು ಡ್ರೈವರ್ ಸೀಟಿನ ಅಡಿಗೆ ಬಿದ್ದೈತಿ, ಮಂದ ಐತಿ. ಮೂಸಿ ನೋಡ್ರಿ ಕಾಕಾ."

ಫಕ್ಕೀರಪ್ಪ ಮೂಸಿ ಮೂಗು ಹಿಡಿದುಕೊಂಡ. "ಥೂ, ಕೊಳತ ಬಳ್ಳೊಳ್ಳಿ!"

"ಅದ ಗೇರ್ ಆಯಿಲ್. ಅದು ಕಮ್ಮಿ ಆದ್ರ ಒಳಗ ಹಲ್ಲಿಗೆ ಹಲ್ಲು ತಿಕ್ಕತಾವು. ನೀವು ಹಾಡು ಹಚ್ಚಿ ಮುಚ್ಚಿದ್ದು ಅದ ಸಪ್ಪಳ."

ಫಕ್ಕೀರಪ್ಪನ ಮುಖ ಸಣ್ಣದಾಯಿತು. ಜೀಪನ್ನು ಮೀನಾಕ್ಷಿಯ ಟೆಂಪೊಗೆ ಕಟ್ಟಿ ಹಾವೇರಿಗೆ ಎಳೆದೊಯ್ದರು. ಮೆಕ್ಯಾನಿಕ್ ದಿಲಾವರ ಗೇರ್‌ಬಾಕ್ಸನ್ನು ಒರೆಸಿ ಒಣಗಿಸಿ, ಆಯಿಲ್ ತುಂಬಿ, ಜೀಪು ಸ್ವಲ್ಪ ಓಡಿಸಿ ಮತ್ತೆ ಅಡಿಗೆ ಇಣುಕಿದ. "ಎಣ್ಣಿ ಹನಿಯೂದು ಒಂದು ಕಡೆ, ಹುಟ್ಟೂದು ಇನ್ನೊಂದು ಕಡೆ ಇರತೈತ್ರಿ. ಒರಸಿ ನೋಡಿದ್ರ ಖರೇ ಜಾಗಾ ಸಿಗತೈತಿ," ಎಂದ. ಗೇರ್‌ಬಾಕ್ಸಿನ ಹಿಂಬದಿಯಲ್ಲಿ ಎಣ್ಣೆ ತಡೆಯುವ ರಬ್ಬರಿನ ಆಯಿಲ್ ಸೀಲ್ ಸವೆದಿತ್ತು. ಹೊಸದು ಹಾಕಿ, ಆಯಿಲ್ ಮಟ್ಟ ಸರಿಮಾಡಿ ಕೊಟ್ಟ.

"ಇಷ್ಟನ?" ಎಂದ ಫಕ್ಕೀರಪ್ಪ.

"ಈಗ ಇಷ್ಟರಿ. ತಡಾ ಮಾಡಿದ್ರ ಗೇರ್‌ಬಾಕ್ಸ್ ಪೂರಾ ಹಾಳಾಗತಿತ್ತು."

ಕುಬಸ ಸಡಗರದಿಂದ ಆಯಿತು. ಕೈತುಂಬ ಹಸಿರು ಬಳೆ ತೊಟ್ಟ ಸ್ನೇಹಾ ಮುಂದಿನ ಸೀಟಿನಲ್ಲಿ ಕುಳಿತು, "ಅಪ್ಪಾ, ಇವತ್ತ ಹಾಡು ಯಾಕ ಹಚ್ಚಿಲ್ಲ?" ಎಂದಳು.

"ಗೇರಿನ ಸಪ್ಪಳ ಕೇಳಾಕತ್ತೇನವ್ವಾ!"

ಹಿಂದೆ ಕುಳಿತಿದ್ದ ನೀಲಗಂಗವ್ವ ಬಿದ್ದು ಬಿದ್ದು ನಕ್ಕಳು. ಅವಳಿಗೆ ಹಿಡಿಸಲಾರದಷ್ಟು ಸಂತೋಷ. ಮರುದಿನ ಜೀಪು ನಿಂತಿದ್ದ ಜಾಗ ಒಣಗಿತ್ತು. ಅಲ್ಲೇ ಊರಿಗೆಲ್ಲ ಕಾಣುವಂಥ ರಂಗೋಲಿ ಬಿಡಿಸಿದಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಹಳೇ ಗಾಡಿಯೂ ಕಲೆ ಬಿಡುತ್ತಿದೆಯೇ? ಒರೆಸಿ ಮರೆಯಬೇಡಿ. ಇವತ್ತೇ ಅಡಿಗೆ ಒಂದು ರಟ್ಟು ಹಾಸಿ. ಕಲೆ ಎಲ್ಲಿ ಬಿತ್ತು, ಯಾವ ಬಣ್ಣ, ಯಾವ ವಾಸನೆ ಎಂದು ನೋಡಿ ಮೆಕ್ಯಾನಿಕ್‌ಗೆ ಹೇಳಿ. ಆ ಗಾಡಿಯಲ್ಲಿ ಕೂರುವವರು ನಿಮ್ಮ ಮಕ್ಕಳೇ ಅಲ್ಲವೇ?