ಅಗಲ ಕಣ್ಣಿನ ಬಲೆ

ಸರೋವರದ ಮೀನುಗಾರಿಕೆ ಅಧಿಕಾರಿಯಾಗಿ ಅವನು ಹೊರಡಿಸಿದ ಮೊದಲ ಆದೇಶಕ್ಕೆ ದಡದವರೆಲ್ಲ ತಲೆದೂಗಿದ್ದರು. ಬಲೆಯ ಕಣ್ಣು ಅಗಲವಾಗಿರಬೇಕು. ಸಣ್ಣವು ನುಸುಳಿಕೊಂಡು ಹೋಗಲಿ, ಬೆಳೆದವು ಮಾತ್ರ ಸಿಗಲಿ. ಇದರಲ್ಲಿ ತಪ್ಪು ಕಂಡವಳು ಅವನ ಅಕ್ಕ ಒಬ್ಬಳೇ. ವಿಶ್ವವಿದ್ಯಾಲಯದಲ್ಲಿ ಮೀನುಗಳ ಸಂತತಿ ತಲೆಮಾರಿನಿಂದ ತಲೆಮಾರಿಗೆ ಹೇಗೆ ಬದಲಾಗುತ್ತದೆ ಎಂದು ಅಧ್ಯಯನ ಮಾಡುವುದೇ ಅವಳ ಕೆಲಸ. ರಜೆಗೆ ಬಂದವಳು ಅವನ ಕಚೇರಿಯಲ್ಲಿ ಕೂತು ಆದೇಶ ಓದಿ ಕನ್ನಡಕ ತೆಗೆದಳು.

“ಹೀಗಾದ್ರೆ ಮೀನು ಚಿಕ್ಕದಾಗ್ತಾ ಹೋಗುತ್ತೆ ಕಣೋ.”

“ಚಿಕ್ಕದನ್ನ ಬಿಡ್ತಾ ಇದೀನಲ್ಲ ಅಕ್ಕ, ಬಿಟ್ರೆ ಬೆಳೆಯುತ್ತೆ ತಾನೆ?”

“ಬೆಳೆದ ಕೂಡ್ಲೆ ಬಲೆಗೆ ಬೀಳುತ್ತೆ. ದೊಡ್ಡದಾದ ಮೇಲೆ ಮೊಟ್ಟೆ ಇಡೋ ಮೀನು, ಇಡೋಕೆ ಮುಂಚೆನೇ ಬುಟ್ಟಿ ಸೇರುತ್ತೆ. ಗಿಡ್ಡಕ್ಕಿರುವಾಗ್ಲೇ ಮೊಟ್ಟೆ ಇಟ್ಟು ಮುಗಿಸಿದ್ದರ ಮರಿಗಳೇ ಉಳಿಯೋದು. ಅವೂ ತಾಯಿ ಥರಾನೇ. ನಿನ್ನ ಸರ್ವಿಸ್ ಮುಗಿಯೋದ್ರೊಳಗೆ ಕೆರೆ ತುಂಬ ಗಿಡ್ಡ ಮೀನೇ, ಬೇಕಾದ್ರೆ ನೋಡ್ತಿರು.”

“ಮೀನಿನ ಭವಿಷ್ಯ ಹೇಳೋಕೆ ಯಾವಾಗಿಂದ ಶುರು ಮಾಡ್ದೆ?” ಎಂದು ಅವನು ನಕ್ಕ. ಎಲ್ಲದರಲ್ಲೂ ಕೊಂಕು ತೆಗೆಯುವುದು ಅಕ್ಕನ ಹಳೇ ಚಾಳಿ ಎಂದು ಆಮೇಲೆ ಹೆಂಡತಿಯ ಹತ್ತಿರ ಹೇಳಿದ.

ಮೊದಮೊದಲು ಬುಟ್ಟಿಗಳು ತುಂಬಿ ಬಂದವು. ವರ್ಷಗಳು ಕಳೆದಂತೆ ಅರ್ಧವಾದವು, ಆಮೇಲೆ ತಳ ಕಂಡವು. ಮೀನುಗಾರರ ಸಂಘದ ಹಿರಿಯನೊಬ್ಬನಿದ್ದ. ಸಮುದ್ರ ಹೇಗಿರುತ್ತದೆಂದು ಕಂಡೇ ಇರದ ಅವನನ್ನು ಎಲ್ಲರೂ ಕ್ಯಾಪ್ಟನ್ ಎನ್ನುತ್ತಿದ್ದರು. ಒಂದು ಬೆಳಿಗ್ಗೆ ಅವನು ಬಲೆಯ ಪಾಚಿಯಲ್ಲಿ ಸಿಕ್ಕಿಕೊಂಡಿದ್ದ ಬೆರಳುದ್ದದ ಮೀನನ್ನು ತಂದು ಅಧಿಕಾರಿಯ ಮೇಜಿನ ಮೇಲಿಟ್ಟ.

“ಮರಿ ಯಾಕ್ ಹಿಡಿದ್ರಿ?”

“ಮರಿ ಅಲ್ಲ ಸಾರ್. ಹೊಟ್ಟೆ ನೋಡಿ.”

ಹೊಟ್ಟೆಯ ತುಂಬ ಮೊಟ್ಟೆ. ತಮ್ಮ ಸ್ಕೇಲು ತೆಗೆದು ಅದನ್ನು ಅಳೆದ. ಆಮೇಲೆ ಅಕ್ಕನಿಗೆ ಫೋನ್ ಮಾಡಿದ. ನಾನು ಆಗಲೇ ಹೇಳಿರಲಿಲ್ಲವೇ ಎಂದು ಅವಳು ಅನ್ನಲಿಲ್ಲ. ಅಂದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

“ಕೆಲವು ವರ್ಷ ಬಲೆ ಹಾಕೋದೇ ನಿಲ್ಲಿಸು. ದೊಡ್ಡ ಮೀನು ಜಾಸ್ತಿ ಮೊಟ್ಟೆ ಇಡುತ್ತೆ. ಹಿಡಿಯೋರು ಇಲ್ದಿದ್ರೆ ಅವುಗಳದ್ದೇ ಕೈ ಮೇಲಾಗುತ್ತೆ. ಗಾತ್ರ ಹೋದ ದಾರೀಲೇ ವಾಪಸ್ ಬರುತ್ತೆ.”

ಒಮ್ಮೆ ಅವಳ ಮಾತು ತಳ್ಳಿಹಾಕಿ ಕೈಸುಟ್ಟುಕೊಂಡವನು ಈ ಸಲ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅಗಲ ಕಣ್ಣಿನ ಬಲೆ ಬೇಡವೆಂದು ಅಕ್ಕ ಅಂದೇ ಹೇಳಿದ್ದು ಅಷ್ಟರಲ್ಲಿ ದಡಕ್ಕೆಲ್ಲ ಗೊತ್ತಾಗಿತ್ತು. ಬಲೆ ನಿಲ್ಲಿಸುವ ಮಾತಿಗೆ ಸಂಘದ ಸಭೆಯಲ್ಲಿ ಗದ್ದಲವೆದ್ದಾಗ ಕ್ಯಾಪ್ಟನ್ ಎದ್ದು ನಿಂತು ಕೇಳಿದ, “ಇದು ನೀವ್ ಹೇಳೋದೋ ಸಾರ್, ನಿಮ್ಮಕ್ಕ ಹೇಳೋದೋ?”

“ಅಕ್ಕ.”

“ಹಾಗಾದ್ರೆ ಸರಿ,” ಎಂದು ಕ್ಯಾಪ್ಟನ್ ಕೂತ. ಅವನು ಕೂತ ಮೇಲೆ ಉಳಿದವರೂ ಕೂತರು.

ದೋಣಿಗಳನ್ನು ದಡಕ್ಕೆಳೆದು ಬೋರಲು ಹಾಕಿದರು. ಕೆಲವರು ಕಟ್ಟಡದ ಕೆಲಸಕ್ಕೆ ಹೋದರು, ಕ್ಯಾಪ್ಟನ್ ಒಂದು ಗೋದಾಮಿನ ಕಾವಲಿಗೆ ಸೇರಿದ. ಪರೀಕ್ಷೆಗೆಂದು ಹಾಕಿದ ಬಲೆಯಲ್ಲಿ ಪ್ರತಿ ವರ್ಷ ಮೀನಿನ ಸಂಖ್ಯೆ ಏರುತ್ತಿತ್ತು. ಗಾತ್ರ ಮಾತ್ರ ಏರಲಿಲ್ಲ.

ಕೊನೆಗೆ ಅಕ್ಕನೇ ಬಂದಳು. ಬಲೆ ಹೊಲಿಯುವ ಕೊಟ್ಟಿಗೆಯಲ್ಲಿ ಕೂತು ದಿನಗಟ್ಟಲೆ ಮೀನು ಸೀಳಿ ನೋಡಿದಳು. ಆಮೇಲೆ ಕ್ಯಾಪ್ಟನ್‌ನನ್ನು ಕರೆಸಿದಳು. ಅವನು ಕಾವಲುಗಾರನ ಅಂಗಿಯಲ್ಲೇ ಬಂದ.

“ದೊಡ್ಡದಾಗೋ ಗುಣ ಇರೋ ಮೀನು ಈ ನೀರಲ್ಲಿ ಹೆಚ್ಚುಕಮ್ಮಿ ಉಳಿದೇ ಇಲ್ಲ. ಇಲ್ಲದೇ ಇರೋದು ಹೆಚ್ಚೋದು ಹೇಗೆ? ಗಿಡ್ಡವೇ ತುಂಬ್ಕೊಂಡು ಇದ್ದ ಮೇವೂ ಹಂಚಿಹೋಗಿದೆ,” ಎಂದಳು.

“ಮೊದಲ್ನೇ ಸಲ ಸರಿಯಾಗಿ ಹೇಳಿದ್ರಲ್ಲ ಮೇಡಂ.”

“ಆಗ ಯಾವುದು ಸಾಯುತ್ತೆ ಅಂತ ಗೊತ್ತಿತ್ತು. ಈ ಸಲ ಯಾವುದು ಉಳಿದಿದೆ ಅಂತ ಬಂದು ನೋಡ್ಬೇಕಿತ್ತು. ನೋಡ್ದೇ ಮಾತು ಕೊಟ್ಟೆ.”

ಕ್ಯಾಪ್ಟನ್ ಸಿಟ್ಟಾಗಲಿಲ್ಲ. ದೋಣಿ ಹೋದ ವರ್ಷವೇ ಮಾರಿಬಿಟ್ಟೆ ಎಂದ. ಡ್ಯೂಟಿಗೆ ಹೊತ್ತಾಯಿತು ಎಂದು ಹೊರಟ.

ಅಕ್ಕ ತಮ್ಮ ಇಬ್ಬರೇ ದಡದಲ್ಲಿ ನಡೆದರು. “ಮೊದಲ್ನೇ ಸಲಾನೇ ನಿನ್ನ ಮಾತು ಕೇಳ್ಬೇಕಿತ್ತು,” ಎಂದ ತಮ್ಮ.

“ಎರಡ್ನೇ ಸಲ ನೀನು ಎದುರು ಮಾತಾಡ್ಬೇಕಿತ್ತು ಕಣೋ. ನಂಗೆ ಎದುರಾಡೋನು ಇದ್ದಿದ್ದು ನೀನೊಬ್ಬನೇ.”

ಅವನ ನಿವೃತ್ತಿಯ ನಂತರ ಸಣ್ಣ ಕಣ್ಣಿನ ಬಲೆಗೆ ಅನುಮತಿ ಸಿಕ್ಕಿತು. ಈಗ ಅಲ್ಲಿಯ ಮೀನು ಒಣಗಿ ಕೋಳಿ ಆಹಾರದ ಕಾರ್ಖಾನೆಗೆ ಹೋಗುತ್ತದೆ. ಅಕ್ಕ ಪ್ರತಿ ವರ್ಷವೂ ಬಂದು ಮೀನು ಅಳೆಯುತ್ತಾಳೆ. ಅಪರೂಪಕ್ಕೆ ಒಂದು ಉಳಿದವಕ್ಕಿಂತ ಉದ್ದವಿರುತ್ತದೆ. ಅದನ್ನು ನೀರಿಗೆ ಬಿಡುತ್ತಾಳೆ. ಮತ್ತೊಮ್ಮೆ ಮಾತು ಕೊಟ್ಟಂತಾಗಬಾರದೆಂದು ಊಟಕ್ಕೆ ಕೂತಾಗ ತಮ್ಮನಿಗೂ ಹೇಳುವುದಿಲ್ಲ.