ಸುಕ್ಕಾದ ಪದರ

ವೈದ್ಯರು ಹೇಳಬೇಕಾದ ಕತೆಯನ್ನು ಸಂಜೆ ತರಗತಿಯಲ್ಲಿ ದಕ್ಕಿದಷ್ಟು ವಿದ್ಯೆಯಿಂದ ಹೇಳಹೊರಟಿರುವುದನ್ನು ಓದುವವರು ಮನ್ನಿಸಬೇಕು. ಎಲ್ಲಾದರೂ ತಪ್ಪಿದ್ದರೆ ಅದು ಹೇಳುವವರದ್ದು, ಕತೆಯೊಳಗಿನವರದ್ದಲ್ಲ.

ಅಣ್ಣ ತರಕಾರಿಯ ಸಗಟು ಮಾರುಕಟ್ಟೆಯಲ್ಲಿ ಹರಾಜು ಕೂಗುವವನು. ಅವನು ಬಾಯಿ ತೆರೆದರೆ ಆಚೆ ಬೀದಿಯ ನಾಯಿಯೂ ಕಿವಿ ನಿಮಿರಿಸುತ್ತಿತ್ತು. ಅಂಥವನ ನಾಲಿಗೆಯ ಬುಡದಲ್ಲಿ ಕ್ಯಾನ್ಸರ್ ಗಡ್ಡೆ ಎದ್ದಿತು. ಕೊಯ್ದು ತೆಗೆದರೂ, ವಿಕಿರಣ ಕೊಟ್ಟು ಸುಟ್ಟರೂ ಮತ್ತೆ ಬಂತು.

ಅವನು ಚಿಕಿತ್ಸೆ ಪಡೆಯುತ್ತಿದ್ದ ಆಸ್ಪತ್ರೆಯ ಪ್ರಯೋಗಾಲಯದಲ್ಲೇ ತಂಗಿ ಇದ್ದಳು. ರೋಗಿಗಳಿಂದ ತೆಗೆದ ಮಾಂಸದ ಚೂರನ್ನು ಮೇಣದಲ್ಲಿ ಹುದುಗಿಸಿ, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಯಂತ್ರದಲ್ಲಿ ಕೊಯ್ದು, ಗಾಜಿನ ಮೇಲೆ ಹರಡುವುದು ಅವಳ ಕೆಲಸ. ಪದರದಲ್ಲಿ ಒಂದು ಸುಕ್ಕು ಕಂಡರೂ ಆ ದಿನ ಅವಳಿಗೆ ಊಟ ಇಳಿಯದು.

ದೊಡ್ಡ ಡಾಕ್ಟರು ಅವಳನ್ನು ಕರೆದು ಹೇಳಿದ್ದರು: "ಜೀವಕೋಶದ ಮೇಲೆ ಕರೆಗಂಟೆಯಂಥ ಗ್ರಾಹಕಗಳಿರುತ್ತಮ್ಮ. ಅದನ್ನ ಒತ್ತಿದ್ರೆ ಮೈಯೊಳಗಿನ ಕಾವಲುಪಡೆ ಏಳುತ್ತೆ. ಒಮ್ಮೊಮ್ಮೆ ಗಡ್ಡೆಯೇ ಆ ಗಂಟೆ ಬಾರಿಸ್ಕೊಂಡು ಬೆಳೆಯೋದೂ ಉಂಟು. ನಿಮ್ಮಣ್ಣನ ಗಡ್ಡೆಯಲ್ಲಿ ಇದೆಯಾ ನೋಡೋಣ. ಇದ್ರೆ ಆ ಗಂಟೆ ಒತ್ತೋ ಹೊಸ ಔಷಧಿಯ ಪರೀಕ್ಷೆಗೆ ಸೇರಿಸ್ಕೋಬಹುದು."

ಅದಕ್ಕಾಗಿ ತೆಗೆದ ಚೂರು ಸಾಸಿವೆ ಕಾಳಿನಷ್ಟಿತ್ತು. ಮನೆಯವರದ್ದನ್ನು ಮನೆಯವರು ಕೊಯ್ಯಬಾರದೆಂಬುದು ಅಲ್ಲಿನ ಪದ್ಧತಿ. ತಂಗಿ ಮೇಲ್ವಿಚಾರಕಿಯ ಬೆನ್ನು ಬಿದ್ದಳು.

"ಅಕ್ಕ, ಇದೊಂದು ನಾನೇ ಮಾಡ್ತೀನಿ. ಬೇರೆಯವರಿಗೆ ಕೊಟ್ರೆ ಜೀವ ನಿಲ್ಲಲ್ಲ."

"ಕೈ ನಡುಗಿದ್ರೆ?"

"ನಡುಗಲ್ಲ."

ನಡುಗಲೂ ಇಲ್ಲ. ನಡುಗಿದ್ದರೇ ಚೆನ್ನಾಗಿತ್ತೇನೋ, ಬಿಟ್ಟು ಎದ್ದುಬಿಡುತ್ತಿದ್ದಳು. ಮೊದಲ ಪದರ ಬೆಚ್ಚಗಿನ ನೀರಿನ ಮೇಲೆ ತೇಲುವಾಗ ಅಂಚಿನಲ್ಲಿ ಸುಕ್ಕಾಯಿತು, ಎಸೆದಳು. ಮುಂದಿನದರಲ್ಲಿ ಒಂದು ಗೀರು. ಅಣ್ಣನದು ಚೊಕ್ಕವಾಗಿ ಬರಲೇಬೇಕೆಂದು ಅಲಗು ಬದಲಿಸಿ, ಹೊಸ ಅಲಗಿಗೆ ಮೇಣದ ಮುಖ ಸಮವಾಗಲೆಂದು ಮತ್ತಷ್ಟು ಕೊಯ್ದಳು. ಕೊನೆಗೂ ಸುಕ್ಕಿಲ್ಲದ ಪದರವೊಂದು ನೀರಿನ ಮೇಲೆ ಹರಡಿಕೊಂಡಿತು. ಬೆಳಕಿಗೆ ಹಿಡಿದು ನೋಡಿದರೆ ಬರೀ ಮೇಣ.

ಮೇಲ್ವಿಚಾರಕಿ ಬೈಯಲಿಲ್ಲ. "ಸುಕ್ಕಾಗಿದ್ರೂ ನಡೀತಿತ್ತಲ್ಲೇ, ಹುಚ್ಚಿ," ಎಂದಳಷ್ಟೇ.

ಇನ್ನೊಂದು ಚೂರು ತೆಗೆಯಬೇಕೆಂದು ಅಣ್ಣನಿಗೆ ಹೇಳಲು ಅವಳೇ ಹೋದಳು. ಅವನು ಕಿಟಕಿಯ ಬಳಿ ದಿಂಬಿಗೊರಗಿದ್ದ. ಅವನಿಗೆ ನುಂಗಲಾಗದ ಮಾತ್ರೆಗಳನ್ನು ಅತ್ತಿಗೆ ಚಮಚದಿಂದ ಪುಡಿ ಮಾಡುತ್ತಿದ್ದಳು.

"ನನ್ನಿಂದ ಹಾಳಾಯ್ತಣ್ಣ. ಚೆನ್ನಾಗಿ ಬರ್ಲಿ ಅಂತ ಕೊಯ್ತಾ ಕೊಯ್ತಾ ಪೂರಾ ಖಾಲಿ ಮಾಡ್ಬಿಟ್ಟೆ."

ಅತ್ತಿಗೆಯ ಚಮಚ ನಿಂತಿತು. ಅಣ್ಣ ಉಗುಳು ನುಂಗಲು ಹೆಣಗಿ, ಗೊಗ್ಗರು ದನಿಯಲ್ಲಿ ಹೇಳಿದ: "ಚಿಕ್ಕೋಳಿದ್ದಾಗ ಪೆನ್ಸಿಲ್‌ಗೂ ಇದೇ ಗತಿ ಕಾಣಿಸ್ತಿದ್ದೆ. ಮೊನೆ ಸರಿ ಬರ್ಲಿಲ್ಲ ಅಂತ ಹೆರೆದು ಹೆರೆದು, ಬರೆಯೋಕೆ ಕೂತಾಗ ಪೆನ್ಸಿಲ್ಲೇ ಇರ್ತಿರ್ಲಿಲ್ಲ."

"ನಿಮಗೆಲ್ಲಾ ತಮಾಷೆ," ಎಂದು ಅತ್ತಿಗೆ ಅಂಗೈಯಿಂದ ಕಣ್ಣೊತ್ತಿಕೊಂಡಳು.

"ಇನ್ನೊಂದು ಚೂರು ತಗೊಳ್ಲಿ ಬಿಡೆ. ಮಾಲಿಗೇನು ಬರವಿಲ್ಲ," ಎಂದ ಅಣ್ಣ.

ಮಾಲಿತ್ತು, ವೇಳೆ ಇರಲಿಲ್ಲ. ಗೊತ್ತು ಮಾಡಿದ ದಿನಕ್ಕೆ ಮೊದಲೇ ಗಡ್ಡೆಯಿಂದ ರಕ್ತ ಒಸರತೊಡಗಿತು. ಅಲ್ಲಿ ಮತ್ತೆ ಚಿಮಟ ಆಡಿಸಲು ಡಾಕ್ಟರು ಒಪ್ಪಲಿಲ್ಲ. ಅಣ್ಣ ಆ ವಾರವೇ ತೀರಿಕೊಂಡ.

ತಂಗಿ ಕೆಲಸ ಬಿಡಲಿಲ್ಲ. ಈಗ ಸುಕ್ಕಾದ ಪದರವನ್ನೂ ಮೆಲ್ಲಗೆ ಗಾಜಿಗೆ ಎತ್ತಿಕೊಳ್ಳುತ್ತಾಳೆ.

"ಆ ಔಷಧಿ ಸಿಕ್ಕಿದ್ರೆ ಉಳೀತಿದ್ರಾ?" ಎಂದು ಅತ್ತಿಗೆ ಒಮ್ಮೆ ಕೇಳಿದಳು.

"ಗೊತ್ತಿಲ್ಲ ಅತ್ತಿಗೆ."

ಅದು ತಪ್ಪಿಸಿಕೊಳ್ಳುವ ಮಾತಾಗಿರಲಿಲ್ಲ. ಅಣ್ಣನ ಗಡ್ಡೆಯಲ್ಲಿ ಆ ಕರೆಗಂಟೆ ಇತ್ತೋ ಇಲ್ಲವೋ, ಇದ್ದರೆ ಕಾವಲನ್ನು ಎಬ್ಬಿಸುತ್ತಿತ್ತೋ ಗಡ್ಡೆಯನ್ನೇ ಬೆಳೆಸುತ್ತಿತ್ತೋ, ಡಾಕ್ಟರಿಗೂ ಗೊತ್ತಿಲ್ಲ. ಅತ್ತಿಗೆ ಅವಳ ಉತ್ತರವನ್ನು ನಂಬಿದಳೋ ಇಲ್ಲವೋ, ಅದೂ ಗೊತ್ತಿಲ್ಲ.