ವರ್ನಾಳ ಮೀನು ಗುಡಿಸಲೂ ಸೈನ್ಯದ ಕೋರ್ಟೂ

ಸೈನ್ಯದ ನೆಲೆಯ ಪಕ್ಕದ ನಮ್ಮ ಊರಿನವರಿಗೆ ಒಂದು ಚಾಳಿ ಇದೆ. ಯಾರಾದರೂ ಕಾಲು ತುಳಿದರೆ, ತುಳಿಸಿಕೊಂಡವರೇ ಮೊದಲು "ಸಾರಿ" ಅನ್ನುತ್ತಾರೆ. ಕೆನಡಾದಲ್ಲಿ ಎಲ್ಲ ಕಡೆ ಹೀಗೇ ಅನ್ನಿ. ಆದರೆ ವರ್ನಾ ಗೋಡೆಟ್ ಈ ವಿಷಯದಲ್ಲಿ ಎಲ್ಲರಿಗಿಂತ ಒಂದು ಕೈ ಮೇಲು.

ಹೋದ ಚಳಿಗಾಲದಲ್ಲಿ ಡಂಕನ್ ಎಂಬ ಕಾರ್ಪೊರಲ್ ಕುಡಿದ ಅಮಲಿನಲ್ಲಿ ಸೈನ್ಯದ ಹಿಮವಾಹನವನ್ನು ಹೆಪ್ಪುಗಟ್ಟಿದ ಸರೋವರದ ಮೇಲೆ ಓಡಿಸಿಕೊಂಡು ಬಂದು, ವರ್ನಾಳ ಮೀನು ಗುಡಿಸಲನ್ನು ಅಪ್ಪಚ್ಚಿ ಮಾಡಿದ. ಮಂಜುಗಡ್ಡೆಗೆ ತೂತು ಕೊರೆದು, ಒಲೆ ಹಚ್ಚಿ, ಗಾಳ ಬಿಟ್ಟು ಕೂರುವ ಪುಟ್ಟ ಗುಡಿಸಲು. ತೀರಿಹೋದ ಗಂಡ ಕೈಯಾರೆ ಕಟ್ಟಿದ್ದು. ಒಳಗೆ ಕೂತಿದ್ದ ವರ್ನಾಳ ಎಡಗೈ ಮುರಿಯಿತು. ಹಿಮದಲ್ಲಿ ಬಿದ್ದುಕೊಂಡೇ ಅವಳು, "ಸಾರಿ ಕಣಪ್ಪಾ, ನಿನ್ನ ದಾರಿಗೆ ಅಡ್ಡ ಕಟ್ಕೊಂಡಿದ್ವೇನೋ," ಅಂದಳು.

ಸೈನ್ಯದ ಪೊಲೀಸರು ಬಂದು ಹೇಳಿಕೆ ತೆಗೆದುಕೊಂಡು ಹೋದರು. ಆಮೇಲೆ ತಿಂಗಳುಗಟ್ಟಲೆ ಸದ್ದಿಲ್ಲ. ಕಾಫಿ ಅಂಗಡಿ ಸುಮ್ಮನಿರುತ್ತದೆಯೇ? ಡಂಕನ್‌ನನ್ನು ಜೈಲಿಗೆ ಹಾಕಿದರಂತೆ. ಇಲ್ಲ, ಬಡ್ತಿ ಕೊಟ್ಟರಂತೆ. ಅದೂ ಅಲ್ಲ, ಬಿಟ್ಟೇಬಿಟ್ಟರಂತೆ, ವರ್ನಾಳ ಮನೆ ಎಲ್ಲಿ ಅಂತ ವಿಚಾರಿಸುತ್ತಿದ್ದನಂತೆ. ಅವತ್ತಿನಿಂದ ಅವಳು ಗಂಡ ಹಾಕಿ ಆಟಕ್ಕೆ ಬಳಸುತ್ತಿದ್ದ ಕೋಲನ್ನು ಪಕ್ಕದಲ್ಲಿಟ್ಟುಕೊಂಡು ಮಲಗತೊಡಗಿದಳು. ಒಂದು ಸಲ ಅಂಚೆಯವನ ಮೇಲೆ ಅದನ್ನು ಎತ್ತಿ, ಆಮೇಲೆ ಸಾರಿ ಕೇಳಿದಳು.

ಪಕ್ಕದ ಮನೆಯ ಬರ್ನಿಸ್ ಸೈನಿಕನ ಹೆಂಡತಿಯಾಗಿ ಬಾಳಿದವಳು. ಇದನ್ನು ಕೇಳಿ ಹಣೆ ಚಚ್ಚಿಕೊಂಡಳು.

"ಸೈನ್ಯದವರನ್ನೇ ಕೇಳೋದು ತಾನೇ, ಮಾರಾಯ್ತಿ?"

"ಅವರಿಗೆ ನೂರೆಂಟು ಕೆಲ್ಸ. ನಾನ್ಯಾಕೆ ತೊಂದ್ರೆ ಕೊಡ್ಲಿ? ಏನಾದ್ರೂ ಇದ್ರೆ ಅವರೇ ಹೇಳ್ತಾರೆ ಬಿಡು," ಅಂದಳು ವರ್ನಾ.

"ನಿನಗೆ ಬೇಕು ಅಂತ ಅವರಿಗೇನು ಕನಸು ಬೀಳುತ್ತಾ? ಕೇಳಿದವರಿಗೆ ಹೇಳ್ಬೇಕು ಅಂತ ಕಾನೂನೇ ಇದೆ ಕಣೇ. ಕೇಸು ಎಲ್ಲಿಗೆ ಬಂತು, ವಿಚಾರಣೆ ಯಾವತ್ತು, ಎಲ್ಲಿ, ಕೊನೆಗೇನಾಯ್ತು, ಎಲ್ಲಾನೂ. ಇದನ್ನೆಲ್ಲ ತಿಳಿಸೋಕೆ ಒಬ್ಬ ಅಧಿಕಾರಿ ಬೇಕು ಅಂತಾನೂ ಕೇಳ್ಬಹುದು."

"ಸೈನ್ಯದವರು ಸೈನ್ಯದವರನ್ನ ಬಿಟ್ಕೊಡ್ತಾರಾ?"

"ಅದು ಸೈನ್ಯದ ಕೋರ್ಟಿನ ಜಡ್ಜಿಗೆ ಬಿಟ್ಟಿದ್ದು. ತಪ್ಪು ಸಾಬೀತಾದ್ರೆ, ಶಿಕ್ಷೆ ಹೇಳೋಕೆ ಮುಂಚೆ ನಿನಗಾದ ನೋವನ್ನ ಬರ್ಕೊಂಡು ಹೋಗಿ ಅವರ ಮುಂದೆ ನೀನೇ ಓದ್ಬಹುದು. ತಾರೀಖೇ ಗೊತ್ತಿಲ್ದೆ ಕೂತ್ರೆ ಯಾರ ಮುಂದೆ ಓದ್ತೀಯ, ಮೀನಿನ ಮುಂದಾ?"

ಆ ಮಾತು ನಾಟಿತು. ಗಂಡ ಕಟ್ಟಿದ ಗುಡಿಸಲಿನ ಬಗ್ಗೆ ಆ ಕೋರ್ಟಿನಲ್ಲಿ ನಾಲ್ಕು ಮಾತಾಡದಿದ್ದರೆ ವರ್ನಾಳಿಗೆ ಸಮಾಧಾನವಿರಲಿಲ್ಲ.

ಇಬ್ಬರೂ ನೆಲೆಯ ಗೇಟಿಗೆ ಹೋದರು. "ಸಾರಿ, ನಿಮ್ಮ ಸಮಯ..." ಎಂದು ವರ್ನಾ ಶುರುಮಾಡುತ್ತಿದ್ದಂತೆ ಬರ್ನಿಸ್ ಅವಳ ಬಲಗೈ ಚಿವುಟಿದಳು. "ನನ್ನ ಕೇಸಿನ ಮಾಹಿತಿ ನನಗೆ ಬೇಕು," ಎಂದು ವರ್ನಾ ಒಂದೇ ಉಸಿರಿಗೆ ಹೇಳಿಬಿಟ್ಟಳು.

ಕೆಲವು ದಿನಗಳ ಮೇಲೆ ಕೇಸಿನ ಸುದ್ದಿ ತಿಳಿಸಲು ನೇಮಕವಾದ ಕ್ಯಾಪ್ಟನ್ ಲವಾ ಎಂಬ ಮಹಿಳಾ ಅಧಿಕಾರಿ ಮನೆಗೆ ಬಂದರು. ಸಮವಸ್ತ್ರ ಕಂಡದ್ದೇ ತಡ, ವರ್ನಾ ಹಾಕಿ ಕೋಲು ಎತ್ತಿದಳು.

"ಸಾರಿ," ಎಂದರು ಕ್ಯಾಪ್ಟನ್.

"ಸಾರಿ," ಎಂದಳು ವರ್ನಾ.

ಕೋಲು ಮೂಲೆಗೆ ಹೋಯಿತು, ಚಹಾ ಬಂತು. "ಡಂಕನ್ ನಿಮ್ಮ ಮನೆ ಹತ್ರ ಸುಳಿಯೋ ಹಾಗಿಲ್ಲ ಅಂತ ಶುರುವಿನಲ್ಲೇ ಆದೇಶ ಆಗಿದೆ," ಎಂದರು ಕ್ಯಾಪ್ಟನ್. ವರ್ನಾ ಅಲ್ಲೇ ಕೂತು ಅತ್ತುಬಿಟ್ಟಳು. ಒಂದು ಮಾತು ಕೇಳದೆ ಅಷ್ಟು ದಿನ ನಿದ್ದೆಗೆಟ್ಟಿದ್ದಳು, ಪಾಪ.

ವಿಚಾರಣೆ ಮುಂದಕ್ಕೆ ಹೋದಾಗ ಕ್ಯಾಪ್ಟನ್ನರೇ ಫೋನು ಮಾಡಿ ತಿಳಿಸಿದರು. ಕಾಫಿ ಅಂಗಡಿಯಲ್ಲಿ ಮಾತ್ರ, "ಕೇಸು ಬಿದ್ದೇ ಹೋಯ್ತಂತೆ," ಅನ್ನುತ್ತಿದ್ದರು. "ಇಲ್ಲ, ಮುಂದಿನ ಮಂಗಳವಾರಕ್ಕೆ ಹೋಗಿದೆ," ಎಂದು ವರ್ನಾ ಡೋನಟ್ ಕಚ್ಚಿದಳು.

ಮಂಗಳವಾರ ಡಂಕನ್ ತಪ್ಪೊಪ್ಪಿಕೊಂಡ. ವರ್ನಾ ಬರೆದು ತಂದಿದ್ದ ತನ್ನ ನೋವನ್ನು ಕೊನೆಯವರೆಗೂ ಓದಿದಳು. ಆಮೇಲೆ ಅವನು ಎದ್ದು ನಿಂತು, "ಸಾರಿ, ಮೇಡಂ," ಎಂದ. ಹಳೆಯ ಚಾಳಿಗೆ ವರ್ನಾಳ ತುಟಿ ಅಲುಗಿತು. ವರ್ನಾ ತುಟಿ ಬಿಗಿದು ಸುಮ್ಮನೆ ಕೂತಳು. ಆ ಮಾತು ಈ ಸಲ ಹೇಳಬೇಕಾದವನೇ ಹೇಳಿದ್ದ.

ಅಕ್ಕಂದಿರೇ, ಅಣ್ಣಂದಿರೇ, ಸೈನ್ಯದವರಿಂದ ನಿಮಗೆ ಅನ್ಯಾಯವಾಗಿದ್ದರೆ ಕಾಫಿಯನ್ನು ಕಾಫಿ ಅಂಗಡಿಯಲ್ಲೇ ಕುಡಿಯಿರಿ, ಸುದ್ದಿಯನ್ನು ಮಾತ್ರ ಸೈನ್ಯದವರನ್ನೇ ಕೇಳಿ. ಅದು ಅವರು ಮಾಡುವ ಉಪಕಾರವಲ್ಲ, ನಿಮ್ಮ ಹಕ್ಕು. ಕೇಳುವಾಗ ಸಾರಿ ಅನ್ನಬೇಡಿ.